ಸಕ್ಕರೆ ಹಂಚಿದ ಬೆಳಿಗ್ಗೆ

ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಮಾತು ಹೇಳಿದ್ದರು. ಇಂಗ್ಲಿಷಿನಲ್ಲಿ ಹೆದರಬೇಕಾದದ್ದು ದೊಡ್ಡ ಪದಗಳಿಗಲ್ಲ, ಚಿಕ್ಕವಕ್ಕೆ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ; ಎರಡೂ ಸೇರಿದರೆ ಕೈಬಿಡು. ಹೀಗೆ ಸೇರಿದಾಗ ಅರ್ಥ ಬದಲಾಗುವ ಮಾತುಗಳನ್ನು ದಿನಕ್ಕೆ ಐದರಂತೆ ಬಾಯಿಪಾಠ ಮಾಡಿರಿ ಎಂದಿದ್ದರು. ನಾನು ಅದಕ್ಕೆಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ.

ಆ ಬೇಸಿಗೆ ರಜೆಯಲ್ಲಿ ದೇವದುರ್ಗದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಸೊಸೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ನನ್ನ ಬಳಿಯೇ ಕೂರುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಮಾನವಿಯ ಒಂದು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ; ಕೇರಳಕ್ಕೆ ಲೋಡು ತೆಗೆದುಕೊಂಡು ಹೋದರೆ ಬರಲು ವಾರ ಹಿಡಿಯುತ್ತಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳು ಮತ್ತು ಅತ್ತೆ ಇಬ್ಬರೇ. ನಾನು ಹೇಳಿದ ಮಾತಿಗೆ ಅವಳು ಅರ್ಥ ಕೇಳುವಳು, ಮೊದಲು ಬಿಡಿಬಿಡಿಯಾಗಿ, ಆಮೇಲೆ ಕೂಡಿಸಿ, ಎರಡಕ್ಕೂ ತಾಳೆಯಾಗದಿದ್ದರೆ ನಗುವಳು. ಓಣಿಯಲ್ಲಿ ಇಂಗ್ಲಿಷ್ ಬರುವುದು ನನಗೊಬ್ಬಳಿಗೇ ಎಂದು ನೀರಿನ ನಳದ ಹತ್ತಿರ ಎಲ್ಲರಿಗೂ ಹೇಳಿದ್ದಳು. ನನಗೆ ಅದು ಕೇಳಿ ಹಿಗ್ಗು.

ಒಂದು ಬೆಳಿಗ್ಗೆ ಗಿರಣಿಯ ಗುಮಾಸ್ತ ಅಕ್ಕನಿಗೆ ಫೋನ್ ಮಾಡಿ, ಕೇರಳದಲ್ಲಿ ಲಾರಿ ಅಪಘಾತವಾಗಿದೆ, ಡ್ರೈವರ್ ಆಸ್ಪತ್ರೆಯಲ್ಲಿದ್ದಾನೆ, ಹೆಚ್ಚಿಗೆ ಗೊತ್ತಾಗಿಲ್ಲ ಎಂದ. ಅಕ್ಕನ ಮನೆಯ ಮುಂದೆ ಜನ ಸೇರಿದರು. ಅವರ ಬಾಯಲ್ಲಿ ಇದ್ದದ್ದು ಒಂದೇ ಭಯ. ಯಾರ ಮೇಲಾದರೂ ಹಾಯಿಸಿದ್ದಾನೇನೋ, ಊರವರು ಹಿಡಿದು ಹೊಡೆದಿರಬೇಕು, ಪೊಲೀಸರು ಒಳಗೆ ಹಾಕುತ್ತಾರೆ, ಭಾಷೆ ಬರದ ನಾಡಿನಲ್ಲಿ ಬಿಡಿಸುವವರು ಯಾರು ಎಂದು. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಅಷ್ಟರಲ್ಲಿ ಅಕ್ಕನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅವಳು ಎರಡು ಸಲ ಹಲೋ ಅಂದು, ಹಿತ್ತಲಿನಿಂದ ನಮ್ಮ ಮನೆಯೊಳಗೆ ಓಡಿಬಂದು ನನ್ನ ಕೈಗೆ ಕೊಟ್ಟಳು. "ಇಂಗ್ಲಿಷ್‌ನ್ಯಾಗ ಮಾತಾಡಾಕತ್ತಾರ. ನೀ ಕೇಳು."

ಆ ಕಡೆ ಒಬ್ಬ ಹೆಣ್ಣುಮಗಳು, ನರ್ಸ್ ಇರಬೇಕು. ಮಾತು ನಿಧಾನವಾಗಿತ್ತು, ಹಿಂದೆ ಯಾವುದೋ ಗಾಲಿ ಕಿರ್ರೆನ್ನುವ ಸದ್ದು. ಆಸ್ಪತ್ರೆಯ ಹೆಸರು ಹೇಳಿದಳು, ಅವನ ಹೆಸರು ಹೇಳಿದಳು. ಆಮೇಲೆ ಸಾರಿ ಎಂದಳು. "ಹಿ ಡಿಡಂಟ್ ಮೇಕ್ ಇಟ್" ಎಂದಳು. ಮತ್ತೊಮ್ಮೆ ಸಾರಿ ಎಂದಳು. ನಾನು ಥ್ಯಾಂಕ್ಯೂ ಅಂದೆ.

ಹಿ ಅಂದರೆ ಅವನು. ಡಿಡಂಟ್ ಮೇಕ್ ಅಂದರೆ ಮಾಡಲಿಲ್ಲ. ಇಟ್ ಅಂದರೆ ಅದನ್ನು. ಓಣಿಯೆಲ್ಲ ಯಾವ ಮಾತಿಗೆ ಕಾದಿತ್ತೋ ಅದೇ ಮಾತು ನನ್ನ ಕಿವಿಗೆ ಬಿದ್ದಿತ್ತು. ಸಾರಿ ಎಂದಿದ್ದೇಕೆ ಎಂದು ನಾನು ಯೋಚಿಸಲಿಲ್ಲ. ಇಂಗ್ಲಿಷ್ ಮಾತಾಡುವವರು ಎಲ್ಲದಕ್ಕೂ ಸಾರಿ ಅನ್ನುತ್ತಾರೆಂದು ತಿಳಿದಿದ್ದೆ.

"ಅಕ್ಕಾ, ಅದನ್ನ ಅವರು ಮಾಡಿಲ್ಲಂತ" ಅಂದೆ. "ತಪ್ಪು ಅವರದಲ್ಲಂತ."

ಅವಳು ನನ್ನ ಗಲ್ಲ ಸವರಿದಳು. ಕಣ್ಣೊರೆಸಿಕೊಂಡು ತನ್ನ ಮನೆಗೆ ಹೋದವಳು ಒಂದು ತಟ್ಟೆಯಲ್ಲಿ ಸಕ್ಕರೆ ತಂದು, ಮೊದಲು ದೇವರ ಮುಂದೆ ಇಟ್ಟು, ಆಮೇಲೆ ಅತ್ತೆಯ ಬಾಯಿಗೆ, ನನ್ನ ಬಾಯಿಗೆ, ನೆರೆದವರ ಕೈಗೆ ಹಾಕುತ್ತ ಹೋದಳು. ನಮ್ಮ ಸಾಲಿನ ಮನೆಗಳೆಲ್ಲ ಮುಗಿದ ಮೇಲೆ ಎದುರು ಸಾಲಿಗೂ ಹೋದಳು. ನನ್ನ ಗಂಡ ಮಾಡಿಲ್ಲಂತ, ಆಸ್ಪತ್ರೆಯಿಂದ ಫೋನ್ ಬಂದಿತ್ತು ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು.

ಮಧ್ಯಾಹ್ನ ಗಿರಣಿಯ ಮಾಲೀಕರು ಇಬ್ಬರು ಹಿರಿಯರನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಕೇರಳದ ಪೊಲೀಸರು ಅವರಿಗೆ ಸುದ್ದಿ ಮುಟ್ಟಿಸಿದ್ದರು. ಹಿರಿಯರು ಅತ್ತೆಯ ಪಕ್ಕ ಕೂತು ಕೈ ಹಿಡಿದುಕೊಂಡದ್ದನ್ನು ನಾನು ನಮ್ಮ ಬಾಗಿಲ ಮರೆಯಿಂದ ನೋಡಿದೆ. ಕೂಗು ಎದ್ದಿತು. ಸ್ವಲ್ಪ ಹೊತ್ತಿನಲ್ಲಿ ಅತ್ತೆಯ ದನಿ ಕೇಳಿತು: "ಸಕ್ಕರಿ ಹಂಚು ಅಂತ ಯಾರು ಹೇಳಿದ್ರ ಬೇ ನಿನಗ?" ಅಕ್ಕ ಫೋನ್ ಬಂದಿತ್ತು ಎಂದಷ್ಟೇ ಹೇಳಿದಳು. ಫೋನು ಯಾರು ಕೇಳಿದರು ಎಂದು ಹೇಳಲಿಲ್ಲ. ನಾನೂ ಬಾಗಿಲು ದಾಟಿ ಹೋಗಲಿಲ್ಲ.

ಗೋಡೆಯ ಆಚೆ ಅಳು ನಡೆದಿರುವಾಗಲೇ ನಿಘಂಟು ತೆಗೆದೆ. ಮೇಕ್ ಎಂಬ ಪದದ ಕೆಳಗೆ, ಮೂರನೆಯ ಸಾಲಿನಲ್ಲಿ ಇತ್ತು. ಮೇಕ್ ಇಟ್ ಅಂದರೆ ಬದುಕಿ ಉಳಿ. ಅದನ್ನು ಓದಿದ ಮೇಲೂ ಸುಮಾರು ಹೊತ್ತು ಪುಟ ಮುಚ್ಚಲಾಗಲಿಲ್ಲ. ಅಮ್ಮ ಬಂದು ಏನು ಎಂದು ಕೇಳಿದಾಗ ತಲೆನೋವು ಎಂದೆ.

ಜನಕ್ಕೆ ಆಸ್ಪತ್ರೆಯವರು ಸುಳ್ಳು ಹೇಳಿದರು ಎಂದು ನಂಬುವುದು ಸುಲಭವಿತ್ತು, ಮೊದಲು ಹಾಗೇ ನಂಬಿದರು. ಆದರೆ ತಿಂಗಳು ಕಳೆಯುತ್ತಿದ್ದಂತೆ ಆಸ್ಪತ್ರೆ ಮರೆತುಹೋಗಿ ಸಕ್ಕರೆಯಷ್ಟೇ ಉಳಿಯಿತು. ಗಂಡ ಸತ್ತ ದಿನ ಸಕ್ಕರೆ ಹಂಚಿದವಳು ಎಂಬ ಮಾತು ಅವಳ ಬೆನ್ನಿಗೆ ಅಂಟಿತು. ನಳದ ಹತ್ತಿರ ಅವಳು ಬಂದರೆ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ಅತ್ತೆ ಸೊಸೆಯ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟಳು. ವರ್ಷ ತುಂಬುವ ಮೊದಲೇ ಅಕ್ಕ ಮಾನವಿ ತಾಲೂಕಿನ ಕುರ್ಡಿಗೆ, ತವರಿಗೆ ಹೋದಳು. ಅವಳು ಹೋದ ದಿನ ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದೆ. ಆ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿದಳು, ನಾನು ಹೌದಾ ಎಂದೆ.

ಈಗ ನಾನು ರಾಯಚೂರಿನಲ್ಲಿ ಒಂದು ತರಬೇತಿ ಕೇಂದ್ರದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅದೇ ಜೋಡಿಪದಗಳು, ಅದೇ ನುಡಿಗಟ್ಟುಗಳು. ಮೇಕ್ ಬಂದಾಗ ಆ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆಯದೆ ಮುಂದೆ ಹೋಗುತ್ತಿದ್ದೆ. ಬರೆಯಲು ಹೋದರೆ ಆ ನರ್ಸಿನ ದನಿ ಕೇಳುತ್ತಿತ್ತು, ಹಿಂದಿನ ಗಾಲಿಯ ಸದ್ದೂ ಸೇರಿ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಪತ್ರಿಕೆಯ ತುಣುಕೊಂದರಲ್ಲಿ ಆ ವಾಕ್ಯ ನೋಡಿ ಎದ್ದು ನಿಂತು, "ಅವನು ಅದನ್ನ ಮಾಡಲಿಲ್ಲ, ಅಲ್ಲೇನ್ರೀ ಮೇಡಂ?" ಎಂದಳು. ತರಗತಿ ಅರ್ಧಕ್ಕೆ ಬಿಟ್ಟೆ. ಮರುದಿನ ಕುರ್ಡಿಗೆ ಹೋದೆ.

ಎಂಟು ವರ್ಷದಲ್ಲಿ ಅಕ್ಕ ತೆಳ್ಳಗಾಗಿದ್ದಳು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳಂತೆ. ಚಹಾ ಕೊಟ್ಟಳು. ನಾನು ಲೋಟ ಕೆಳಗಿಟ್ಟು ಎಲ್ಲ ಹೇಳಿದೆ, ಆ ವಾಕ್ಯ, ಅದರ ನಿಜವಾದ ಅರ್ಥ, ನಿಘಂಟು, ಬಾಗಿಲ ಮರೆ.

"ನೀ ತಪ್ಪು ಕೇಳಿದ್ದಿ ಅಂತ ನನಗ ಅವತ್ತ ತಿಳೀತು" ಎಂದಳು ಕೊನೆಗೆ. "ಸಣ್ಣಾಕಿ, ಹೆದರ್‍ಯಾಳ ಅಂತ ಸುಮ್ಮನಾದೆ. ನೀನೇ ಬಂದು ಅತ್ತಿ ಮುಂದ ಹೇಳ್ತಿ ಅಂತ ಕಾದೆ. ಬಾಳ ದಿನ ಕಾದೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಕೊಡಲಿಲ್ಲ. "ನನ್ನ ಮುಂದ ಹೇಳಿದ್ರ ಏನಾತು? ಅಲ್ಲಿ ಬಂದು ಹೇಳು" ಎಂದು ಎದ್ದು ಸೆರಗು ಸರಿಮಾಡಿಕೊಂಡಳು.

ಮಾನವಿಗೆ ಬಂದು ದೇವದುರ್ಗದ ಬಸ್ ಹಿಡಿದೆವು. ದಾರಿಯಲ್ಲಿ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. ಓಣಿಗೆ ಕಾಲಿಟ್ಟಾಗ ಒಬ್ಬಿಬ್ಬರು ಹೆಂಗಸರು ಹೊರಗೆ ಬಂದು ನಿಂತರು. ಅತ್ತೆಗೆ ಕಣ್ಣು ಮಂಜಾಗಿತ್ತು, ಸೊಸೆಯನ್ನು ದನಿಯಿಂದ ಗುರುತಿಸಿದಳು. ನಾನು ನಿಂತೇ ಹೇಳಿದೆ, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ಫೋನು ಕೇಳಿದವಳು ನಾನು, ತಪ್ಪು ಹೇಳಿದವಳು ನಾನು, ಅಕ್ಕನಿಗೆ ಏನೂ ಗೊತ್ತಿರಲಿಲ್ಲ ಎಂದು.

ಮುದುಕಿ ನನ್ನನ್ನು ಬಯ್ಯುತ್ತಾಳೆಂದು ಕಾದೆ. ಅವಳು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ನಾನೂ ತಿಂದಿದ್ದೆ ಯವ್ವಾ ಆ ಸಕ್ಕರಿ" ಎಂದಳು. "ಮಗ ಅಲ್ಲಿ ಸತ್ತು ಮಲಗಿದ್ದ, ನಾ ಇಲ್ಲಿ ಸಕ್ಕರಿ ತಿಂದಿದ್ದೆ. ಅದನ್ನ ಈಕಿ ಮ್ಯಾಲ ಹಾಕಿದೆ."

ಆಮೇಲೆ ಗೋಡೆ ಹಿಡಿದು ಎದ್ದು, ಸೊಸೆಗೆ ಉಂಡು ಹೋಗು ಎಂದಳು. ಅಕ್ಕ ಒಳಗೆ ಹೋಗಿ ತಾನೇ ರೊಟ್ಟಿ ಬಡಿದಳು. ನಾನು ಕಟ್ಟೆಯ ಮೇಲೆ ಕೂತು ಆ ಸದ್ದು ಕೇಳಿದೆ.

ಸಂಜೆ ಮಾನವಿಯ ಬಸ್ ನಿಲ್ದಾಣದಲ್ಲಿ ಇಬ್ಬರೂ ಇಳಿದೆವು. ಅವಳ ಬಸ್ಸು ಬೇರೆ, ನನ್ನದು ಬೇರೆ. ನಾನು ಕ್ಷಮಿಸು ಎಂದೆ. ಅವಳು, ಅತ್ತೆಗೆ ಕಣ್ಣಿನ ಆಪರೇಷನ್ ಮಾಡಿಸಬೇಕು, ರಾಯಚೂರಿನಲ್ಲಿ ಎಲ್ಲಿ ಮಾಡುತ್ತಾರೆ, ಕೇಳಿ ತಿಳಿಸು ಎಂದಳು. ಕೇಳಿ ಹೇಳುತ್ತೇನೆ ಅಂದೆ. ಕುರ್ಡಿಯ ಬಸ್ಸು ಬಂತು. ಹತ್ತುವಾಗ ಅವಳು ತಿರುಗಿ ನೋಡಿ, "ಸರಿಯಾಗಿ ಕೇಳ್ಕೊಂಡು ಹೇಳು" ಎಂದಳು.