ಫಕ್ಕೀರಪ್ಪನವರ ಬಲಗಾಲು

1982ರ ಬೇಸಿಗೆಯಲ್ಲಿ ನಾನು ಹಿರೇಕೆರೂರಿನಲ್ಲಿ ವೈದ್ಯಾಧಿಕಾರಿಯಾಗಿದ್ದೆ; ಲೇಡಿ ಡಾಕ್ಟರೆಂದು ಎಲ್ಲರೂ ನನ್ನನ್ನು 'ಬಾಯಾರ' ಎನ್ನುತ್ತಿದ್ದರು. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಪೇಟೆಯ ದರ್ಜಿ ಫಕ್ಕೀರಪ್ಪ ಬಲ ಅಂಗಾಲಿನ ಹುಣ್ಣು ತೋರಿಸಲು ಬಂದರು. ವಯಸ್ಸು ಐವತ್ತೆರಡು. ಹೆಬ್ಬೆರಳಿನ ಬುಡದಲ್ಲಿ ಮೂರು ಸೆಂಟಿಮೀಟರ್ ಅಗಲದ ಹುಣ್ಣು. ನೋವಿಲ್ಲ ಎಂದರು. ನನ್ನನ್ನು ಹೆದರಿಸಿದ್ದು ಅದೇ. ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿದಾಗ ಮೂತ್ರ ಇಟ್ಟಿಗೆಯಂತೆ ಕೆಂಪಾಯಿತು, ಸಕ್ಕರೆ ಅಷ್ಟಿತ್ತು. ಕಾಯಿಲೆ ನರಗಳನ್ನು ಮಂಕಾಗಿಸಿ ಕಾಲಿನ ಅರಿವನ್ನೇ ಕಳೆದಿತ್ತು.

ಮಾತ್ರೆ ಕೊಟ್ಟೆ, ಸತ್ತ ಚರ್ಮ ಕತ್ತರಿಸಿದೆ, ದಿನ ಬಿಟ್ಟು ದಿನ ಡ್ರೆಸಿಂಗ್ ಮಾಡಿದೆವು. ನಡೆಯಲೇಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಚಿತ್ರ ಹೋಗಿ ಪಾರದರ್ಶಕವಾಗುವಂತೆ ತೊಳೆದ ಹಳೆಯ ಎಕ್ಸ್‌ರೇ ಹಾಳೆಯನ್ನು ಹುಣ್ಣಿನ ಮೇಲಿಟ್ಟು ವಾರಕ್ಕೊಮ್ಮೆ ಅದರ ಅಂಚನ್ನು ಬರೆದುಕೊಳ್ಳುತ್ತಿದ್ದೆ. ಐದು ವಾರಗಳಲ್ಲಿ ಸಕ್ಕರೆ ಇಳಿಯಿತು. ಗೆರೆ ಮಾತ್ರ ಒಳಗೆ ಸರಿಯಲಿಲ್ಲ. ನಾನು ಸಲಹೆ ಕೇಳಿದ್ದಕ್ಕೆ ಹುಬ್ಬಳ್ಳಿಯ ಶಸ್ತ್ರವೈದ್ಯರು ಚೀಟಿಯಲ್ಲಿ ಬರೆದು ಕಳಿಸಿದರು: ಎಲುಬಿಗೆ ಇಳಿದರೆ ಮುಂಗಾಲು ತೆಗೆಯಬೇಕಾದೀತು.

"ನಿಮ್ಮ ಮುಂದ ಅಷ್ಟ ಸಾಧು ಅವ. ಪ್ಯಾಟಿ ತುಂಬ ತಿರಗತಿರಬೇಕ್ರಿ ಬಾಯಾರ," ಎಂದರು ನಮ್ಮ ನರ್ಸ್. ನನಗೂ ಅನುಮಾನವಿತ್ತು. ಒಂದು ಮಧ್ಯಾಹ್ನ ಹೇಳದೆ ಅವರ ಅಂಗಡಿಗೆ ಹೋದೆ.

ಬಾಗಿಲಿಗೆ ಬರುವ ಮೊದಲೇ ಹೊಲಿಗೆ ಯಂತ್ರದ ಸದ್ದು ಕೇಳಿತು. ಮದುವೆಯ ಸೀಸನ್, ಗೋಡೆಯ ತುಂಬ ಜಂಪರ್‌ಗಳು. ಫಕ್ಕೀರಪ್ಪ ಕುಳಿತೇ ಇದ್ದರು. ನಾನು ಕಟ್ಟಿದ ಬ್ಯಾಂಡೇಜ್ ಸಮೇತ ಬಲಗಾಲು ಯಂತ್ರದ ಕಬ್ಬಿಣದ ಪೆಡಲ್ ತುಳಿಯುತ್ತಿತ್ತು.

"ನಡೀಬ್ಯಾಡ ಅಂದ್ರಿ, ಒಂದ ಹೆಜ್ಜಿ ನಡದಿಲ್ರಿ," ಎಂದರು ಅಭಿಮಾನದಿಂದ.

"ಬಯಲಕಡೆಗೂ ಸೈಕಲ್ ಮ್ಯಾಲ ಕುಂದರಿಸಿ ನಾನ ತಳ್ಳೇನ್ರಿ," ಎಂದರು ಹೆಂಡತಿ ಶಾಂತವ್ವ.

ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ತಪ್ಪು ನನ್ನ ಮಾತಿನಲ್ಲಿತ್ತು.

ಎಡಗಾಲಿನಿಂದ ತುಳಿಯುತ್ತೇನೆ ಎಂದರು. ಎಡ ಅಂಗಾಲಿಗೆ ಸೂಜಿ ಮುಟ್ಟಿಸಿದೆ, ಅದಕ್ಕೂ ತಿಳಿಯಲಿಲ್ಲ. ಅಲ್ಲೂ ಹುಣ್ಣಾದೀತೆಂದು ಬೇಡವೆಂದೆ. ಹೊಲಿಗೆ ನಿಲ್ಲಿಸಿರೆಂದು ಹೇಳಲು ಮನಸ್ಸಾಗಲಿಲ್ಲ, ಹೇಳಿದ್ದರೆ ಅವರು ಕೇಳುತ್ತಲೂ ಇರಲಿಲ್ಲ. ಮೂವರೂ ಕುಳಿತು ಯೋಚಿಸಿದೆವು. ಕೊನೆಗೆ ಪೆಡಲಿನ ಬೆಲ್ಟ್ ಬಿಚ್ಚಿ, ಚಕ್ರಕ್ಕೆ ಹಿಡಿಕೆ ಹಾಕಿಸಿದರು. ಶಾಂತವ್ವ ಕೈಯಿಂದ ತಿರುಗಿಸುವುದು, ಅವರು ಬಟ್ಟೆ ಹಿಡಿಯುವುದು.

"ಇನ್ನ ನಾ ತಿರುವಿದಷ್ಟ ಹೊಲೀಬೇಕ ನೋಡ್ರಿ," ಎಂದು ಆಕೆ ಗಂಡನನ್ನು ಕೆಣಕಿದರು.

ಮುಂದಿನ ವಾರ ಗೆರೆ ಒಳಗೆ ಸರಿಯಿತು. ಅದರ ಮುಂದಿನ ವಾರ ಇನ್ನಷ್ಟು. ನಡುವೆ ಒಮ್ಮೆ ಸೋಂಕು ತಗುಲಿ ಎಂಟು ದಿನ ಕಾಡಿತು. ಚಕ್ರಕ್ಕೆ ಹಿಡಿಕೆ ಬಂದ ಹನ್ನೊಂದನೆಯ ವಾರ ಹಾಳೆ ಇಟ್ಟಾಗ ಬರೆಯಲು ಅಂಚೇ ಇರಲಿಲ್ಲ. ಫಕ್ಕೀರಪ್ಪ ಕಾಲು ಎತ್ತಿ, ಕನ್ನಡಕ ಸರಿಮಾಡಿಕೊಂಡು, ಗಿರಾಕಿಯ ಕೋಟು ಪರೀಕ್ಷಿಸುವಂತೆ ಹುಣ್ಣು ಮಾಯ್ದ ಗುರುತನ್ನು ನೋಡಿದರು.

"ಹೊಲಿಗಿ ಕಾಣಂಗಿಲ್ಲ. ಚಲೋ ಕೆಲಸ ಆಗೇತ್ರಿ ಬಾಯಾರ."

ಆ ಎಕ್ಸ್‌ರೇ ಹಾಳೆಗಳು ಇನ್ನೂ ನನ್ನ ಬಳಿ ಇವೆ. ಆಮೇಲೆ ಹಾನಗಲ್ಲಿನಲ್ಲಿ, ಈಗ ಶಿಗ್ಗಾಂವದಲ್ಲಿ, ಇಂಥ ಕಾಲು ಬಂದಾಗಲೆಲ್ಲ ಮೊದಲು ಕೇಳುವುದು ಒಂದೇ: "ಮುಂಜಾನಿಂದ ಸಂಜೀತನಕ ಈ ಕಾಲು ಏನೇನ ಮಾಡತೈತ್ರಿ?" ಉತ್ತರ ಮುಗಿಯುವವರೆಗೆ ಔಷಧ ಬರೆಯಲು ಪೆನ್ನು ತೆಗೆಯುವುದಿಲ್ಲ.