ಒಂದು ಪಾಠ ಮುಂದೆ

ಸೊರಬದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರ ಜಗಲಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅವರದ್ದು. ಕಲಿಯಲು ಬಂದವರಿಗೆಲ್ಲ ಚಾಪೆ. ಮೊದಲು ಎಲ್ಲರೂ ಇಂಗ್ಲಿಷಿಗಾಗಿ ಬರುತ್ತಿದ್ದರು. ಆಮೇಲೆ ಶಿಕಾರಿಪುರದ ಕಡೆಯ ಕೆಲವರು ಜರ್ಮನಿಯವರು ಕಟ್ಟುತ್ತಿದ್ದ ಉಕ್ಕಿನ ಕಾರ್ಖಾನೆಯ ಕೆಲಸದ ಆಸೆಯಿಂದ ಜರ್ಮನ್ ಕೇಳಿಕೊಂಡು ಬಂದರು. ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದ್ದೇ ತಡ, ರಷ್ಯನ್ ಬೇಕೆಂದರು. ಮೇಷ್ಟ್ರಿಗೆ ಎರಡೂ ಬರುತ್ತಿರಲಿಲ್ಲ. ಆದರೂ ಯಾರನ್ನೂ ವಾಪಸು ಕಳಿಸಲಿಲ್ಲ. ಪುಸ್ತಕ ತರಿಸಿ, ತಾವೇ ಓದಿಕೊಂಡು ಹೇಳಿಕೊಡುತ್ತಿದ್ದರು. “ಒಂದು ಪಾಠ ಮುಂದಿದ್ರೆ ಸಾಕು ಕಣ್ರೀ, ಮೇಷ್ಟ್ರಾಗಬಹುದು” ಎಂದು ಪುಸ್ತಕವನ್ನು ಮೊಣಕಾಲಿಗೆ ತಟ್ಟಿಕೊಂಡು ನಗುತ್ತಿದ್ದರು.

ಜಡೆ ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದ ನಾನು ಭಾನುವಾರಗಳಂದು ಬಸ್ಸು ಹಿಡಿದು ರಷ್ಯನ್ ಕಲಿಯಲು ಹೋಗುತ್ತಿದ್ದೆ. ಒಮ್ಮೆ ಅವರು ಜ್ವರದಿಂದ ಮಲಗಿದಾಗ ಪುಸ್ತಕವನ್ನು ನನಗೆ ಕೊಟ್ಟರು. ಹದಿನೈದು ದಿನದಲ್ಲಿ ನಾನು ಆರು ಪಾಠ ಮುಗಿಸಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಎದ್ದು ಕೂತ ಮೇಲೆ ಮಾಡಿದ ಮೊದಲ ಪಾಠದಲ್ಲೇ ಅವರು ಒಂದು ವಾಕ್ಯಕ್ಕೆ ತಪ್ಪು ಅರ್ಥ ಹೇಳಿದರು. ಅವರ ಮುಖ ಸಣ್ಣದಾಗಬಾರದೆಂದು ನಾನು “ಹೌದು ಸಾರ್” ಎಂದೆ. ಪುಟದ ಅಂಚಿನಲ್ಲಿ ಸರಿಯಾದ ಅರ್ಥವನ್ನು ನಾನೇ ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಮರೆತೇಹೋಗಿತ್ತು. ಅವರ ಬೆರಳು ಅಲ್ಲಿಗೆ ಬಂದು ನಿಂತಿತು.

ಮೇಷ್ಟ್ರು ಕುರ್ಚಿಯಿಂದ ಎದ್ದರು.

“ಏಳಮ್ಮ. ಮುಂದಿರೋರು ಇಲ್ಲಿ ಕೂರಬೇಕು.”

ಬೇಡ ಬೇಡವೆಂದರೂ ಕೇಳಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೋಟ್‌ಬುಕ್ಕು ಬಿಡಿಸಿ, ಕತ್ತೆತ್ತಿ ನನ್ನನ್ನು ನೋಡಿದರು.

“ಹೂಂ, ಶುರು ಮಾಡ್ರಿ ಮೇಷ್ಟ್ರೇ.”