ಬರುವವಳಿಗೊಂದು ಸೀಟು

ಇವತ್ತು ಬೆಳಿಗ್ಗೆ ಮುಲುಂಡ್‌ನಲ್ಲಿ ಸ್ಲೋ ಲೋಕಲ್ ಹತ್ತಿ, ಪುಣ್ಯಕ್ಕೆ ಸಿಕ್ಕ ಸೀಟಿನಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಎದುರಿಗೆ ನಿಂತ ಹುಡುಗಿ ಕೇಳಿದಳು: “ಆಂಟಿ, ಕಹಾಂ ಉತರೋಗೆ?” ನೀವು ನಮ್ಮ ಲೇಡೀಸ್ ಡಬ್ಬಿಯಲ್ಲಿ ಓಡಾಡಿದವರಲ್ಲದಿದ್ದರೆ ಇದನ್ನು ಕುಶಲಪ್ರಶ್ನೆ ಎಂದುಕೊಂಡೀರಿ. ಅಲ್ಲ. ನಾನು ಇಳಿಯುವ ಸ್ಟೇಷನ್ ಹೇಳಿದರೆ, ಅಲ್ಲಿಂದಾಚೆ ಈ ಸೀಟು ಕೇಳಿದವಳದು. ಆಮೇಲೆ ಮಹಾರಾಣಿಯೇ ಬಂದು ನಿಂತರೂ ಕೊಟ್ಟ ಮಾತು ಮಾತೇ.

“ಘಾಟ್ಕೋಪರ್” ಎಂದೆ. ಹುಡುಗಿ ಹಿಂದಿಯಲ್ಲೇ, “ನನಗಲ್ಲ, ನನ್ನ ಫ್ರೆಂಡ್‌ಗೆ. ಅವಳು ಅಲ್ಲೇ ಹತ್ತುತ್ತಾಳೆ” ಎಂದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಗುರ್ರೆಂದಳು, ಗಾಡಿಯಲ್ಲೇ ಇಲ್ಲದವಳಿಗೆ ಎಂಥ ಸೀಟು ಅಂತ. ನನಗೆ ರೇಷ್ಮಾ ನೆನಪಾದಳು. ಅವಳ ಬೆನ್ನಿಗೇ ನಮ್ಮ ಕೋರ್ಸ್‌ವರ್ಕ್.

ಏಳೆಂಟು ವರ್ಷದ ಹಿಂದೆ, ಮಗನ ಹೋಮ್‌ವರ್ಕ್ ಮಾಡಿಸುವ ವಯಸ್ಸಿನಲ್ಲಿ, ನನಗೇ ಮತ್ತೆ ಓದುವ ಹುಚ್ಚು ಹಿಡಿಯಿತು. ಆಫೀಸು ಅಂಧೇರಿಯಲ್ಲಿ, ಅಲ್ಲೇ ಒಂದು ಕಾಲೇಜಿನಲ್ಲಿ ಸಂಜೆ ಎಂ.ಟೆಕ್. ಅದರಲ್ಲೊಂದು ವಿಷಯ, ಮಾಡೆಲ್ ಮೇಲೆ ಸಾಫ್ಟ್‌ವೇರ್ ಕಟ್ಟುವುದು. ಪ್ರೋಗ್ರಾಮನ್ನು ನಾವು ಬರೆಯುವಂತಿಲ್ಲ. ಯಾರು, ಏನು, ಅವರ ನಡುವೆ ಯಾವ ನಿಯಮ ಎಂದು ಚೌಕ ಗೆರೆಗಳ ಚಿತ್ರ ಬರೆಯಬೇಕು. ಅದನ್ನು ನೋಡಿ ಕಂಪ್ಯೂಟರೇ ಪ್ರೋಗ್ರಾಮ್ ಬರೆದುಕೊಳ್ಳುತ್ತದೆ. ತಪ್ಪು ಕಂಡರೆ ಪ್ರೋಗ್ರಾಮಿಗೆ ಕೈ ಹಚ್ಚದೆ ಚಿತ್ರವನ್ನೇ ತಿದ್ದಬೇಕು. ಧಾರವಾಡದ ಕಡೆಯವರಾದ ನನ್ನ ಅತ್ತೆಗೆ ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಲೇ, “ಎಲ್ಲಾ ಅದ ಬರೀತದಂದ್ರ ನೀ ಯಾಕ ಫೀ ಕಟ್ಟೀಯವಾ?” ಎಂದರು.

ಕೋರ್ಸ್‌ವರ್ಕಿಗೆ ಇಬ್ಬಿಬ್ಬರ ಜೋಡಿ. ನನ್ನ ಜೋಡಿ ರೇಷ್ಮಾ, ನನಗಿಂತ ಹತ್ತು ವರ್ಷ ಚಿಕ್ಕವಳು. ವಿಜಯಪುರದ ಕಡೆಯ ಮಂದಿ, ಮನೆ ಮುಂಬ್ರಾದಲ್ಲಿ, ತಂದೆ ಟೇಲರ್. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಖಣಖಣ ಕನ್ನಡ. ಅವಳ ಆಫೀಸೂ ಅಂಧೇರಿಯಲ್ಲೇ. ಬೆಳಿಗ್ಗೆ ಮುಂಬ್ರಾದಲ್ಲಿ ಹತ್ತಿ, ಮುಲುಂಡ್‌ನಲ್ಲಿ ಇಳಿಯುವವಳು ಯಾರೆಂದು ಹುಡುಕಿ, ಇನ್ನೂ ಪ್ಲಾಟ್‌ಫಾರ್ಮಿನಲ್ಲಿರುವ ನನಗಾಗಿ ಆ ಸೀಟು ಹಿಡಿದಿಡುತ್ತಿದ್ದಳು. ತಾನು ಮಾತ್ರ ನಿಂತೇ ಬರುತ್ತಿದ್ದಳು. ಡಬ್ಬಿಯ ಪದ್ಧತಿಗೆ ಇದು ಪೂರ್ತಿ ವಿರುದ್ಧ, ದಿನಾ ಜಗಳ. ಯಾಕಮ್ಮ ಈ ರಗಳೆ ಎಂದರೆ, “ನೀವು ಮನೀ ಕೆಲಸಾ ಎಲ್ಲಾ ಮುಗಿಸಿ ಬರ್ತೀರಿ. ನಾ ಉಂಡು ಬರಾಕಿ. ಕುಂದರ್ರಿ ಅಕ್ಕಾ” ಎನ್ನುವಳು. ನಾನು ಕೂರುವೆ. ಅಂಧೇರಿಯ ಮೆಟ್ರೋ ಸಿಗುವ ಘಾಟ್ಕೋಪರ್‌ವರೆಗೆ ಕಾಲು ಗಂಟೆಯ ಸಾಮ್ರಾಜ್ಯ.

ಉಳಿದವರು ಲೈಬ್ರರಿ, ಆಸ್ಪತ್ರೆ ಎಂದು ಹಳೇ ವಿಷಯಗಳನ್ನು ಹಿಡಿದರು. ರೇಷ್ಮಾ, “ನಮ್ಮ ಸೀಟಿಂದ ಮಾಡೂಣ್ರಿ” ಎಂದಳು. ಸೀಟು, ಪ್ರಯಾಣಿಕಳು, ಸ್ಟೇಷನ್, ಮಾತು ಎಂದು ನಾಲ್ಕು ಚೌಕ ಬರೆದೆವು. ಮಾತು ಪಡೆದವಳು ಗಾಡಿಯೊಳಗೇ ಇರಬೇಕು ಎಂದು ನಾನು ನಿಯಮ ಹಾಕಿದೆ. ಪ್ರೋಗ್ರಾಮ್ ಓಡಿಸಿ ನೋಡಿದರೆ, ಅದು ಮುಲುಂಡ್‌ನಲ್ಲಿ ನನ್ನ ಸೀಟನ್ನು ಕಂಡವರಿಗೆ ಕೊಟ್ಟುಬಿಟ್ಟಿತು. ರೇಷ್ಮಾ ನಕ್ಕೂ ನಕ್ಕೂ ಸುಸ್ತಾಗಿ, ಚಿತ್ರದಲ್ಲಿ ಇನ್ನೊಂದು ಗೆರೆ ಎಳೆದಳು: ಬರುವವಳಿಗಾಗಿ ಒಬ್ಬಳು ಹಿಡಿದಿಡಬಹುದು.

ನಮ್ಮ ಸರ್ ಆ ಗೆರೆಯ ಮೇಲೆಯೇ ಬೆರಳಿಟ್ಟರು. ಎಷ್ಟು ಹೊತ್ತು ಹಿಡಿದಿಡುತ್ತಾಳೆ? ಮಿತಿಯಿಲ್ಲದೆ ಕಾಯುವುದು ನಿಯಮವಾಗುವುದಿಲ್ಲ. ರೇಷ್ಮಾ ತಡಮಾಡಲಿಲ್ಲ. “ಹಿಡಿದಿಟ್ಟವಳು ತಾನೇ ಇಳಿಯುವ ತನಕ, ಸರ್” ಎಂದಳು. ಸರ್ ಒಪ್ಪಿದರು. ಒಳ್ಳೆಯ ಮಾರ್ಕೂ ಬಂತು. ಕೊನೆಯ ಪ್ರಾಜೆಕ್ಟಿಗೂ ಅದೇ ಜೋಡಿ ಎಂದು ಹೆಸರು ಕೊಟ್ಟೆವು.

ಮುಂದಿನ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ನಾನು ಕ್ಲಾಸೂ ಬಿಟ್ಟೆ, ಕೆಲಸವೂ ಬಿಟ್ಟೆ. ಸೊಪ್ಪು ಬಿಡಿಸುತ್ತಿದ್ದ ಆ ಕೈ ನನ್ನ ಕೈ ಹಿಡಿಯದೆ ಏಳಲಾರದಾಗಿತ್ತು, ಬಿಟ್ಟಿದ್ದಕ್ಕೆ ಬೇಸರವಿಲ್ಲ. ಬೇಸರ ಬೇರೆಯದಕ್ಕೆ. ರೇಷ್ಮಾ ಆಗಾಗ ಫೋನ್ ಮಾಡುತ್ತಿದ್ದಳು. “ಅತ್ತಿಯವ್ರು ಹ್ಯಾಂಗದಾರ್ರಿ? ಪ್ರಾಜೆಕ್ಟಿನಾಗ ನಿಮ್ಮ ಹೆಸರ ಹಂಗ ಇಟ್ಟೀನಿ. ಬರ್ತೀರಲ್ಲಾ?” ಬರಲಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗೆಂದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯಕ್ಕೆ, ಬರ್ತೀನಿ ಎನ್ನುತ್ತಿದ್ದೆ.

ಆಮೇಲೆ ಘಾಟ್ಕೋಪರ್ ಮಾರ್ಕೆಟ್ಟಿನಲ್ಲಿ ಸಿಕ್ಕ ಸಹಪಾಠಿಯೊಬ್ಬಳು ಹೇಳಿದಳು. ಸರ್ ಬೇರೆ ಜೋಡಿ ಕೊಡುತ್ತೇನೆಂದರೂ ರೇಷ್ಮಾ ಬೇಡವೆಂದಳಂತೆ, ಇಬ್ಬರ ಕೆಲಸ ಒಬ್ಬಳೇ ಎಳೆದು, ಮುಗಿಸಿ, ಪುಣೆಗೆ ಕೆಲಸಕ್ಕೆ ಹೋದಳಂತೆ. ಹೋಗುವ ಹಿಂದಿನ ವಾರವೂ ನನ್ನನ್ನು ಕೇಳಿದ್ದಳು, ಬರ್ತೀರಲ್ಲಾ ಅಂತ. ನನಗಾಗಿ ಕಾಯಬೇಡ ಎನ್ನುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಿತ್ತು? ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಇತ್ತ ಗಾಡಿ ವಿಕ್ರೋಳಿ ದಾಟಿತು. ಘಾಟ್ಕೋಪರ್‌ನಲ್ಲಿ ಇಳಿಯುವವರು ಅಷ್ಟೊತ್ತಿಗೆ ಎದ್ದು ಬಾಗಿಲಿಗೆ ಜರುಗಿರಬೇಕು. ನಾನು ಏಳಲಿಲ್ಲ. ಗುರ್ರೆಂದವಳು, “ಉಠೋ ನಾ” ಎಂದು ನನ್ನ ಮೊಣಕಾಲಿಗೆ ಬ್ಯಾಗ್ ತಗುಲಿಸಿದಳು. “ಅವಳು ಬರಲಿ” ಎಂದೆ, ಹಿಂದಿಯೋ ಕನ್ನಡವೋ ನೆನಪಿಲ್ಲ. ಘಾಟ್ಕೋಪರ್ ಬಂತು, ಜನ ನುಗ್ಗಿತು. ಕಡೆಗೆ ಯಾರದೋ ತೋಳಿನಡಿಯಿಂದ ಒಬ್ಬಳು ಹುಡುಗಿ ಏದುಸಿರು ಬಿಡುತ್ತ ತೂರಿ ಬಂದಳು. ಎದ್ದು ಅವಳನ್ನು ಕೂರಿಸುವ ಹೊತ್ತಿಗೆ ಗಾಡಿ ಹೊರಟಿತ್ತು. ನಾನು ಮುಂದಿನ ಸ್ಟೇಷನ್ ವಿದ್ಯಾವಿಹಾರದಲ್ಲಿ ಇಳಿದು ತಿರುಗಿ ಬರಬೇಕಾಯಿತು.

ಕೂತವಳು ಫೋನ್ ತೆಗೆದು ಅದರಲ್ಲಿ ಮುಳುಗಿದ್ದಳು. ಥ್ಯಾಂಕ್ಸ್ ಅನ್ನಲಿಲ್ಲ. ಅಷ್ಟು ದಿನ ಕೂತು ಬಂದ ನಾನೂ ರೇಷ್ಮಾಗೆ ಒಮ್ಮೆಯೂ ಅಂದಿರಲಿಲ್ಲ.